ಶೈತ್ಯವೂ ಪುಷ್ಪೋದ್ಗಮವೂ

ಫಲವು ಪಕ್ವವಾದೊಡನೆ ನಶಿಸುವ ಸಸ್ಯಕ್ಕೆ ಅಮರಸಿಂಹನು ‘ಓಷಧಿ’ ಎಂಬ ಸಂಜ್ಞೆಯನ್ನು ಹೇಳಿರುವನು. ಯೂರೋಪಿನ ‘ಗಾರ್ಲಿಕ್ ಮಸ್ಟರ್ಡ್’, ಎಂದರೆ ಬೆಳ್ಳುಳ್ಳಿಯ ಗಂಧವುಳ್ಳ ಒಂದು ಸಾಸಿವೆಜಾತಿಯ ಗಿಡವು, ಈ ವರ್ಗಕ್ಕೆ ಸೇರಿದುದು. ಆದರೆ ಇದರ ಆಯುಸ್ಸು ಎರಡು ವರುಷ. ಅಡಿಗೆಗೂ ಔಷಧಕ್ಕೂ ಉಪಯುಕ್ತವೆಂದು ವಲಸೆಗಾರರು ಇದನ್ನು ಅಮೆರಿಕೆಗೆ ಒಯ್ದರು. ಅಲ್ಲಿ ಇದು ಮೊದಲು ದಾಖಲಾದುದು 1868ರಲ್ಲಿ, ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ. ಕ್ರಮೇಣ ತೋಟವನ್ನು ದಾಟಿ ಅರಣ್ಯಗಳನ್ನು ಹೊಕ್ಕು, ಮರದ ಸಸಿಗಳ ಬೇರಿಗೆ ನೆರವಾಗುವ ಶಿಲೀಂಧ್ರಗಳನ್ನೇ ತನ್ನ ರಸದಿಂದ ಕುಂದಿಸಿತು.

ಮೊದಲನೆಯ ವರುಷ ಇದು ನೆಲಕ್ಕಂಟಿದ ಎಲೆಗಳ ಚಕ್ರ ಮಾತ್ರ. ದೀರ್ಘಕಾಲ ಚಳಿಯನ್ನು ಅನುಭವಿಸಿದ ತರುವಾಯವೇ, ಮರುವಸಂತದಲ್ಲಿ ದಂಟೆದ್ದು ಬಿಳಿಯ ಹೂ ಬಿಡುವುದು. ಇಂತಹ ಶೈತ್ಯಾಪೇಕ್ಷೆಯನ್ನು ಜರ್ಮನಿಯ ಗಾಸ್ನರನು 1918ರಲ್ಲಿ ಚಳಿಗಾಲದ ಧಾನ್ಯಗಳಲ್ಲಿ ಪ್ರಯೋಗಪೂರ್ವಕವಾಗಿ ತೋರಿಸಿದ್ದನು. 1999ರಲ್ಲಿ ಸಾಸಿವೆಯ ಕುಟುಂಬದ್ದೇ ಆದ ಅರಬಿಡಾಪ್ಸಿಸ್ ಗಿಡದಲ್ಲಿ, ಹೂವನ್ನು ತಡೆಯುವ ಎಫ್‌.ಎಲ್‌.ಸಿ. ಎಂಬ ಜೀನು ಗೊತ್ತಾಯಿತು. ದೀರ್ಘ ಶೈತ್ಯವು ಈ ತಡೆಯನ್ನು ಅಡಗಿಸುತ್ತದೆ; ಬಳಿಕ ಹೂವಿಗೆ ದಾರಿಯಾಗುತ್ತದೆ.

ಶತ್ರುವಿನ ಕಾಲವನ್ನರಿತವನಿಗೆ ಉಪಾಯವುಂಟು. ಎರಡನೆಯ ವಸಂತದಲ್ಲಿ, ಬೀಜ ಬಲಿಯುವ ಮುನ್ನವೇ, ಬೇರುಸಹಿತ ಕಿತ್ತು ಹೊರಗೆ ಸಾಗಿಸಿದಲ್ಲಿ ಆ ಗಿಡದ ಸಂತತಿಯು ನಿಲ್ಲುವುದು. ತಡವಾದರೆ ಗಿಡವು ತಾನಾಗಿ ಸಾಯುವುದೇನೋ ನಿಜ. ಬೀಜಗಳಾದರೋ ಮಣ್ಣಿನಲ್ಲಿ ಹಲವು ವರುಷ ಜೀವ ಹಿಡಿದಿರುವುವು.