ಓಟಿಲ್ಲದೆ ಸಂಸತ್ತಿಗೆ ಬಂದ ಮುಸ್ಲಿಮ್: ಆಲ್ಡರ್ಲಿಯ ಲಾರ್ಡ್ ಸ್ಟ್ಯಾನ್ಲಿ

ಬ್ರಿಟನ್ನಿನ ಸಂಸತ್ತಿನಲ್ಲಿ ಕೂತ ಮೊದಲ ಮುಸ್ಲಿಮ್ ಯಾರು? ಈ ಪ್ರಶ್ನೆ ಕೇಳಿದರೆ ಓದಿಕೊಂಡವರು 1997ರಲ್ಲಿ ಗ್ಲಾಸ್ಗೋದಿಂದ ಗೆದ್ದ ಮುಹಮ್ಮದ್ ಸರ್ವರ್ ಹೆಸರು ಹೇಳುತ್ತಾರೆ. ಕೆಳಮನೆಯ ಮಟ್ಟಿಗೆ ಅದು ಸರಿಯಾದ ಉತ್ತರ. ಆದರೆ ಮೇಲ್ಮನೆಯಲ್ಲಿ, ಅಂದರೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ, ಅದಕ್ಕೂ 128 ವರ್ಷ ಮೊದಲೇ ಒಬ್ಬ ಮುಸ್ಲಿಮ್ ಇದ್ದರು. ಅವರು ವಲಸೆ ಹೋದವರಲ್ಲ, ಹಳೆಯ ಇಂಗ್ಲಿಷ್ ಜಮೀನ್ದಾರಿ ಮನೆತನದ ಹಿರಿಯ ಮಗ. ಹೆಸರು ಹೆನ್ರಿ ಎಡ್ವರ್ಡ್ ಜಾನ್ ಸ್ಟ್ಯಾನ್ಲಿ, ಆಲ್ಡರ್ಲಿಯ ಮೂರನೇ ಬ್ಯಾರನ್.

ಹೆನ್ರಿ ಹುಟ್ಟಿದ್ದು 1827ರ ಜುಲೈ 11ರಂದು. ತಂದೆ ಲಿಬರಲ್ ಪಕ್ಷದ ಮಂತ್ರಿ. ತಾಯಿ ಹೆನ್ರಿಯೆಟ್ಟಾ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದು, ಗರ್ಟನ್ ಕಾಲೇಜನ್ನು ಕಟ್ಟುವುದರಲ್ಲಿ ಕೈಜೋಡಿಸಿದವರು. ಈಟನ್ ಶಾಲೆ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಮುಗಿಸಿ ಹೆನ್ರಿ 1847ರಲ್ಲಿ ವಿದೇಶಾಂಗ ಇಲಾಖೆ ಸೇರಿದರು. ಚಿಕ್ಕಂದಿನಿಂದಲೇ ಅವರಿಗೆ ಪೂರ್ವದ ಭಾಷೆಗಳ ಹುಚ್ಚು. ಅರಬಿ ಕಲಿತರು. 1851ರಲ್ಲಿ ಇಸ್ತಾಂಬುಲ್‌ನ ರಾಯಭಾರ ಕಚೇರಿಗೆ ಹೋದರು, ಅಲ್ಲಿಂದ ಅಥೆನ್ಸ್‌ಗೆ. 1859ರ ಹೊತ್ತಿಗೆ ಕೆಲಸ ಬಿಟ್ಟು ಪೂರ್ವದ ದೇಶಗಳ ಕಡೆ ತಿರುಗಾಟಕ್ಕೆ ಹೊರಟರು.

ಈ ತಿರುಗಾಟದ ದಿನಗಳಲ್ಲೇ ಅವರು ಮುಸ್ಲಿಮರಾಗಿದ್ದಾರೆ ಎಂಬ ಸುದ್ದಿ ಇಂಗ್ಲೆಂಡಿಗೆ ಮುಟ್ಟಿತು. ಮನೆಯವರು ಕಂಗಾಲಾದರು. ಅಬ್ದುಲ್ ರಹ್ಮಾನ್ ಎಂಬ ಹೆಸರು ಇಟ್ಟುಕೊಂಡರೂ ಹೆನ್ರಿ ಅದನ್ನು ಡಂಗುರ ಸಾರಲಿಲ್ಲ. 1857ರ ದಂಗೆಯ ನೆನಪು ಇನ್ನೂ ಹಸಿಯಾಗಿದ್ದ ಕಾಲ ಅದು. ಸಾಮ್ರಾಜ್ಯಶಾಹಿ ಇಂಗ್ಲೆಂಡಿನಲ್ಲಿ ಒಬ್ಬ ಲಾರ್ಡ್‌ನ ಮಗ ಮುಸ್ಲಿಮನಾಗುವುದೆಂದರೆ ಆಟದ ಮಾತಲ್ಲ ನೋಡಿ.

ಆ ಮನೆಯೇ ಒಂದು ವಿಚಿತ್ರ. ಹಿರಿಯ ಮಗ ಮುಸ್ಲಿಮ್. ಇನ್ನೊಬ್ಬ ಮಗ ಆಲ್ಜರ್ನನ್ ಕ್ಯಾಥೊಲಿಕ್ ಬಿಷಪ್ ಆದರು. ಮತ್ತೊಬ್ಬ ಮಗ ಲಯಲ್ಫ್ ಯಾವ ಧರ್ಮವನ್ನೂ ಒಪ್ಪದವರು. ಮಗಳು ಕೇಟ್‌ಗೆ ಹುಟ್ಟಿದ ಹುಡುಗನೇ ಮುಂದೆ ಜಗತ್ಪ್ರಸಿದ್ಧ ತತ್ವಜ್ಞಾನಿಯಾದ ಬರ್ಟ್ರಂಡ್ ರಸೆಲ್. ಹೌದು, ರಸೆಲ್‌ಗೆ ಒಬ್ಬ ಮುಸ್ಲಿಮ್ ಸೋದರಮಾವ ಇದ್ದರು!

1869ರಲ್ಲಿ ತಂದೆ ತೀರಿಕೊಂಡರು. ಬ್ಯಾರನ್ ಪದವಿ, ಆಸ್ತಿ, ಮೇಲ್ಮನೆಯ ಕುರ್ಚಿ ಎಲ್ಲ ಹಿರಿಯ ಮಗನಿಗೆ ಬಂತು. ಆಗಿನ ಪದ್ಧತಿಯೇ ಹಾಗೆ. ಹುಟ್ಟೇ ಅರ್ಹತೆ, ಚುನಾವಣೆ ಇಲ್ಲ. ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹಿಂದೆ ಸಂಸತ್ತಿನ ಪ್ರಮಾಣವಚನದಲ್ಲಿ ಕ್ರೈಸ್ತನ ನಿಜವಾದ ನಂಬಿಕೆಯ ಮೇಲೆ ಆಣೆ ಇಡಬೇಕಿತ್ತು. ಅದರಿಂದಾಗಿಯೇ ಚುನಾವಣೆ ಗೆದ್ದ ಯಹೂದಿ ಲಯನೆಲ್ ರಾತ್‌ಶೀಲ್ಡ್ 1858ರವರೆಗೆ ಕೆಳಮನೆಯಲ್ಲಿ ಕೂರಲಾಗಲಿಲ್ಲ. 1866ರ ಹೊಸ ಕಾಯ್ದೆ ಆ ಮಾತುಗಳನ್ನು ಪ್ರಮಾಣವಚನದಿಂದ ತೆಗೆದುಹಾಕಿತು. ಮೂರೇ ವರ್ಷಕ್ಕೆ ಸ್ಟ್ಯಾನ್ಲಿಯವರ ಸರದಿ ಬಂತು. ಯಹೂದಿಗಳು ಹೋರಾಡಿ ತೆರೆಸಿದ ಬಾಗಿಲಿನಿಂದ ಒಬ್ಬ ಮುಸ್ಲಿಮ್ ಒಳಗೆ ನಡೆದುಬಂದರು. ಇದನ್ನು ನಾವು ಮರೆಯಬಾರದು.

ಒಳಗೆ ಹೋಗಿ ಅವರು ಮಾಡಿದ್ದೇನು? ಮಂತ್ರಿಯಾಗಲಿಲ್ಲ, ದೊಡ್ಡ ಕಾನೂನು ತರಲಿಲ್ಲ. ಅವರು ಪ್ರಶ್ನೆ ಕೇಳುವ ಸದಸ್ಯ. ಭಾರತ, ತುರ್ಕಿ, ಮಲಯ ಎಂದು ಉಳಿದವರಿಗೆ ಬೇಡವಾದ ವಿಷಯಗಳನ್ನು ಎತ್ತುತ್ತಿದ್ದರು. ಒಂದು ಉದಾಹರಣೆ ಸಾಕು. 1874ರ ಜನವರಿಯಲ್ಲಿ ಪಾಂಗ್ಕೋರ್ ಒಪ್ಪಂದದ ಮೂಲಕ ಬ್ರಿಟಿಷರು ಮಲಯದ ಪೆರಾಕ್ ರಾಜ್ಯಕ್ಕೆ ಒಬ್ಬ ರೆಸಿಡೆಂಟನನ್ನು ಕಳಿಸುವ ಹಕ್ಕು ಪಡೆದರು. ಧರ್ಮ ಮತ್ತು ಸಂಪ್ರದಾಯ ಬಿಟ್ಟು ಉಳಿದೆಲ್ಲದರಲ್ಲೂ ಸುಲ್ತಾನ ಅವನ ಸಲಹೆಯಂತೆ ನಡೆಯಬೇಕು. ಹೆಸರಿಗೆ ಸಲಹೆ, ನಿಜದಲ್ಲಿ ಆಳ್ವಿಕೆ. ಅದೇ ವರ್ಷ ಸ್ಟ್ಯಾನ್ಲಿ ಮೇಲ್ಮನೆಯಲ್ಲಿ ಮಲಯದ ವಿಷಯ ಎತ್ತಿದರು, ವಸಾಹತು ಮಂತ್ರಿ ಕಾರ್ನಾರ್ವನ್ ಉತ್ತರ ಕೊಡಬೇಕಾಯಿತು. ಸರ್ಕಾರ ದಾರಿ ಬದಲಿಸಲಿಲ್ಲ. ಮರುವರ್ಷ ನವೆಂಬರಿನಲ್ಲಿ ರೆಸಿಡೆಂಟ್ ಬರ್ಚ್‌ನ ಕೊಲೆಯಾಯಿತು, ಹಿಂದೆಯೇ ಸೈನ್ಯ ನುಗ್ಗಿತು. ಸ್ಟ್ಯಾನ್ಲಿಯವರ ಮಾತು ಯುದ್ಧವನ್ನು ತಡೆಯಲಿಲ್ಲ ನಿಜ. ಆದರೆ ಪ್ರಶ್ನೆ ದಾಖಲೆಯಲ್ಲಿ ಉಳಿಯಿತು.

ಕನ್ನಡಿಗರಿಗೆ ಅವರ ಇನ್ನೊಂದು ಕೆಲಸ ಹತ್ತಿರದ್ದು. ಹಳೆಯ ಪ್ರವಾಸ ಕಥನಗಳನ್ನು ಪ್ರಕಟಿಸುವ ಹಕ್ಲುಟ್ ಸೊಸೈಟಿಗಾಗಿ ಅವರು 1866ರಲ್ಲಿ ದುವಾರ್ತೆ ಬಾರ್ಬೋಸಾನ ಕೃತಿಯನ್ನು ಸ್ಪ್ಯಾನಿಷ್ ಹಸ್ತಪ್ರತಿಯಿಂದ ಇಂಗ್ಲಿಷಿಗೆ ತಂದರು. ಹದಿನಾರನೇ ಶತಮಾನದ ಆರಂಭದ ನಮ್ಮ ಕರಾವಳಿ, ಭಟ್ಕಳ, ಮಂಗಳೂರು ಅದರಲ್ಲಿ ಬರುತ್ತವೆ, ವಿಜಯನಗರವೂ ಬರುತ್ತದೆ. ವಿಜಯನಗರದ ಅರಸ ಯಾರನ್ನೂ ನಿನ್ನ ಮತ ಯಾವುದು ಅಂತ ಕೇಳುವುದಿಲ್ಲ, ಯಾರು ಬೇಕಾದರೂ ತಮ್ಮ ನಂಬಿಕೆಯಂತೆ ಬದುಕಬಹುದು ಎಂದು ಬಾರ್ಬೋಸಾ ಬರೆದಿರುವುದನ್ನು ಇತಿಹಾಸಕಾರರು ಮತ್ತೆ ಮತ್ತೆ ನೆನೆಯುತ್ತಾರೆ. 1869ರಲ್ಲಿ ವಾಸ್ಕೋ ಡ ಗಾಮನ ಮೂರು ಯಾನಗಳ ಕಥನವನ್ನೂ ಸ್ಟ್ಯಾನ್ಲಿ ಅನುವಾದಿಸಿದರು. ಅರಬ್ಬಿ ಸಮುದ್ರದಲ್ಲಿ ಪೋರ್ಚುಗೀಸರು ನಡೆಸಿದ ಕ್ರೌರ್ಯವನ್ನು ಇಂಗ್ಲಿಷ್ ಓದುಗರ ಮುಂದಿಟ್ಟ ಕೃತಿ ಅದು.

ಅವರನ್ನು ಸಂತನನ್ನಾಗಿ ಮಾಡುವ ಅಗತ್ಯ ಇಲ್ಲ. ಕೊನೆಯವರೆಗೂ ಅವರು ಗೇಣಿಯ ಹಣದಲ್ಲಿ ಬದುಕಿದ ಭೂಮಾಲಿಕ. ಮುಸ್ಲಿಮರಾಗಿ ತಮ್ಮ ಜಮೀನಿನಲ್ಲಿದ್ದ ಹೆಂಡದಂಗಡಿಗಳನ್ನು ಮುಚ್ಚಿಸಿದರು, ಕುಡಿಯುತ್ತಿದ್ದ ಒಕ್ಕಲುಗಳನ್ನು ಕೇಳಿ ಮಾಡಿದ್ದಲ್ಲ. ಸಂಸಾರದಲ್ಲೂ ಕಷ್ಟವಿತ್ತು. 1862ರಲ್ಲಿ ಮದುವೆಯಾದ ಸ್ಪೇನಿನ ಫಾಬಿಯಾ ಅವರ ಮೊದಲ ಗಂಡ ಬದುಕಿದ್ದ. ಆತ ತೀರಿಕೊಂಡ ಮೇಲೆ 1874ರಲ್ಲಿ ಮತ್ತೆ ವಿವಾಹವಾಗಬೇಕಾಯಿತು. ಮಕ್ಕಳಾಗಲಿಲ್ಲ. ಕಿವಿಯೂ ಮಂದವಾಯಿತು.

ಆದರೆ ವೇಲ್ಸ್‌ನ ಆಂಗಲ್ಸಿ ದ್ವೀಪದಲ್ಲಿ ಇವತ್ತಿಗೂ ಅವರ ಒಂದು ಗುರುತಿದೆ. ಲ್ಯಾನ್‌ಬ್ಯಾಡ್ರಿಗ್ ಎಂಬಲ್ಲಿನ ಹಳೆಯ ಚರ್ಚನ್ನು ಅವರು 1884ರಲ್ಲಿ ತಮ್ಮ ಹಣದಿಂದ ದುರಸ್ತಿ ಮಾಡಿಸಿದರು. ಒಳಗೆ ನೀಲಿ ಹೆಂಚುಗಳು, ಕಿಟಕಿಗಳಲ್ಲಿ ಮಸೀದಿಗಳ ರೀತಿಯ ರೇಖಾವಿನ್ಯಾಸ. ಮುಸ್ಲಿಮ್ ಲಾರ್ಡ್ ಸರಿಪಡಿಸಿದ ಚರ್ಚಿನಲ್ಲಿ ಕ್ರೈಸ್ತರು ಪ್ರಾರ್ಥನೆ ಮಾಡಿದರು. ಯಾರ ಧರ್ಮವೂ ಕೆಡಲಿಲ್ಲ.

1903ರ ಡಿಸೆಂಬರ್ 11ರಂದು ಅವರು ತೀರಿಕೊಂಡರು. ಅದು ರಂಝಾನ್ ತಿಂಗಳು. ಉಸ್ಮಾನಿಯಾ ರಾಯಭಾರ ಕಚೇರಿಯ ಇಮಾಮರು ಬಂದು ಜನಾಝ ನಮಾಝ್ ಮಾಡಿಸಿದರು, ಆಲ್ಡರ್ಲಿಯ ಮರಗಳ ನಡುವೆ ದಫನ್ ಆಯಿತು. ಲಿವರ್‌ಪೂಲ್ ಮಸೀದಿಯಲ್ಲಿ ಅಬ್ದುಲ್ಲಾ ಕ್ವಿಲಿಯಮ್ ಅವರಿಗಾಗಿ ನಮಾಝ್ ನಡೆಸಿದರು. ದಫನ್ ವೇಳೆ ಬಂಧುವೊಬ್ಬ ಕ್ರೈಸ್ತ ರೂಢಿಯಂತೆ ಹ್ಯಾಟು ತೆಗೆಯಲು ಹೋದಾಗ ತಮ್ಮ ಲಯಲ್ಫ್, ತೆಗೆಯಬೇಕಾದ್ದು ಹ್ಯಾಟಲ್ಲ, ಬೂಟು ಎಂದು ಗದರಿದರಂತೆ. ಧರ್ಮವನ್ನೇ ನಂಬದ ತಮ್ಮ, ಅಣ್ಣನ ಧರ್ಮದ ಮರ್ಯಾದೆ ಕಾದ. ಬ್ಯಾರನ್ ಪದವಿಯೂ ಆತನಿಗೇ ಹೋಯಿತು.

ಹುಟ್ಟಿನಿಂದ ಅಧಿಕಾರ ಸಿಗುವುದು ಅನ್ಯಾಯ. 1999ರ ಕಾಯ್ದೆ ವಂಶಪಾರಂಪರ್ಯದ ಲಾರ್ಡ್‌ಗಳಲ್ಲಿ 92 ಮಂದಿಯನ್ನು ಮಾತ್ರ ಉಳಿಸಿ ಬಾಕಿಯವರನ್ನು ಹೊರಗೆ ಕಳಿಸಿತು, ಒಳ್ಳೆಯದೇ ಆಯಿತು. ಆದರೆ ಸ್ಟ್ಯಾನ್ಲಿ ಅಂದು ಓಟು ಕೇಳಿದ್ದರೆ ಗೆಲ್ಲುತ್ತಿದ್ದರೇ? ನನಗಂತೂ ಅನುಮಾನ. 34 ವರ್ಷ ಅವರ ಕುರ್ಚಿಯನ್ನು ಕಾಪಾಡಿದ್ದು ಸಮಾಜದ ಉದಾರತೆ ಅಲ್ಲ, ವಂಶದ ಬಲ. ಅಂಥ ಬಲವಿಲ್ಲದ ಮುಸ್ಲಿಮನೊಬ್ಬನನ್ನು ಜನರೇ ಆರಿಸಿ ಕಳಿಸಲು ಇನ್ನೊಂದು ಶತಮಾನ ಬೇಕಾಯಿತು. ಅಲ್ಪಸಂಖ್ಯಾತನೊಬ್ಬ ಸದನದಲ್ಲಿ ಕೂತಿದ್ದಾನೆ ಎಂದ ಮಾತ್ರಕ್ಕೆ ಆ ಸಮಾಜ ಅವನನ್ನು ಒಪ್ಪಿಕೊಂಡಿದೆ ಎಂದಲ್ಲ. ಅವನನ್ನು ಅಲ್ಲಿಗೆ ಕಳಿಸಿದ್ದು ಯಾರು ಎಂದೂ ಕೇಳಬೇಕು. ಈ ಪ್ರಶ್ನೆ ಇಂಗ್ಲೆಂಡಿಗೆ ಮಾತ್ರ ಸೇರಿದ್ದಲ್ಲ.