ಅಂಕಿತ ಯಾರದು?

ಬರಹ ಉದ್ದ ಐತಿ, ಪುರಸೊತ್ತಾದಾಗ ಓದ್ರಿ.

"ನೀವು ಕವಿಗಳೋ, ನಾಟಕ ಬರಿಯೋರೋ, ಹೋರಾಟದ ಹಾಡು ಕಟ್ಟೋರೋ? ಯಾವುದಾದರೂ ಒಂದು ಹೇಳ್ರಿ" ಅಂತ ನಮ್ಮ ಕಡೆಯ ಬರಹಗಾರರನ್ನ ಸಭೆಗಳಲ್ಲಿ ಕೇಳ್ತಿರ್ತಾರ. ಆ ಪ್ರಶ್ನೆಯೊಳಗ ಒಂದು ಸಣ್ಣ ಕೊಂಕೂ ಇರತೈತಿ: ಎಲ್ಲಾ ಬರೆಯೋನು ಯಾವುದನ್ನೂ ನೆಟ್ಟಗ ಬರೆಯಾಂಗಿಲ್ಲ ಅಂತ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯಿಂದ, ಅದರಾಗೂ ನಮ್ಮ ಕೇರಿಗಳಿಂದ ಬಂದವರು ಹಾಡು, ಪದ್ಯ, ನಾಟಕ, ಕರಪತ್ರ ಅಂತ ಎಲ್ಲದಕ್ಕೂ ಯಾಕ ಕೈ ಹಾಕ್ತಾರ ಅನ್ನೋದಕ್ಕ ಒಂದು ಚರಿತ್ರೆ ಐತಿ. ಯಾವ ಬಾಗಿಲು ನಮಗ ಮುಚ್ಚಿತ್ತು, ಯಾವುದು ಅರ್ಧ ತೆರೆದಿತ್ತು, ಯಾವುದರೊಳಗ ಹೋದರೂ ಹೆಸರು ಬರೆಸಲಿಕ್ಕೆ ಬಿಡ್ತಿರಲಿಲ್ಲ ಅನ್ನೋದು ಆ ಚರಿತ್ರೆ.

ಕಲ್ಲಿನಿಂದ ಸುರು ಮಾಡೋಣ. ನಮ್ಮ ಸೀಮೆಯಲ್ಲಿ ಎಲ್ಲವೂ ಕಲ್ಲಿನಿಂದಲೇ ಸುರು.

ಹುನಗುಂದ ತಾಲ್ಲೂಕಿನ ಐಹೊಳೆ. ಮೇಗುತಿ ಗುಡ್ಡದ ಮೇಲಿನ ಜೈನ ಬಸದಿಯ ಗೋಡೆಯಲ್ಲಿ ಕ್ರಿ.ಶ. 634-35ರ ಶಾಸನ ಐತಿ. ಬರೆದವನು ರವಿಕೀರ್ತಿ. ಇಮ್ಮಡಿ ಪುಲಕೇಶಿಯ ಹೊಗಳಿಕೆ, ಸಂಸ್ಕೃತ. ಅದರ ಕೊನೆಯಲ್ಲಿ ಕವಿ ತಾನು ಕಾಳಿದಾಸ, ಭಾರವಿ ಇವರ ಸಮಾನ ಅಂತ ತನ್ನ ಬಗ್ಗೆ ತಾನೇ ಬರಕೊಂಡಾನ. ಅವನ ಧೈರ್ಯಕ್ಕೆ ನನಗೇನೂ ತಕರಾರಿಲ್ಲ. ಬರೆಯೋನಿಗೆ ಅಷ್ಟು ಸೊಕ್ಕು ಇರಬೇಕು. ಅಲ್ಲಿಂದ ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿಗೆ ಬನ್ನಿ. ಎಂಟನೇ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನದಾಗ ಗುಂಡ ಅನಿವಾರಿತಾಚಾರಿ ಅನ್ನೋ ಸೂತ್ರಧಾರಿಯ ಹೆಸರು ಐತಿ, ಅವನಿಗೆ ಸಿಕ್ಕ ತ್ರಿಭುವನಾಚಾರಿ ಅನ್ನೋ ಬಿರುದೂ ಐತಿ. ಕವಿಗೆ ಹೆಸರು ಸಿಕ್ತು, ಶಿಲ್ಪಿಗೂ ಸಿಕ್ತು. ಗಣಿಯಿಂದ ಆ ಬಂಡಿ ಗಾತ್ರದ ಕಲ್ಲು ಎಳೆದು ತಂದವರಿಗೆ, ಏರಿಸಿದವರಿಗೆ? ಮಿಣಿ, ಹಗ್ಗ, ತೊಗಲಿನ ಪಟ್ಟಿ ಮಾಡಿಕೊಟ್ಟವರಿಗೆ? ಗೈಡ್ ಇದನ್ನ ಹೇಳಾಂಗಿಲ್ಲ, ಪ್ರವಾಸಿಗಳು ಕೇಳಾಂಗಿಲ್ಲ.

ಈಗ ಬಾದಾಮಿಯ ಬಂಡೆ. ತಟ್ಟುಕೋಟೆ ಕಡೆ ಕೆಂಪು ಬಂಡೆಯ ಮೈಮ್ಯಾಲ ಕಪ್ಪೆ ಅರಭಟ್ಟನ ಶಾಸನ ಐತಲ್ಲ, ಸುಮಾರು ಕ್ರಿ.ಶ. 700ರದು, ಅದು ಬರೇ ಹತ್ತು ಸಾಲು. ಒಬ್ಬ ಮನುಷ್ಯ ಒಳ್ಳೆಯವರಿಗೆ ಹೆಂಗಿದ್ದ, ಕೆಟ್ಟವರಿಗೆ ಹೆಂಗಿದ್ದ ಅಂತ ಹೇಳೋ ಶಾಸನ. ಕನ್ನಡದ ತ್ರಿಪದಿ ನಮಗ ಮೊದಲು ಸಿಗೋದು ಅಲ್ಲಿ. ಕಾಲೇಜಿನ ಪಾಠದೊಳಗ ಇದನ್ನ ಛಂದಸ್ಸಿನ ಸಂಗತಿ ಅಂತ ಒಂದು ಮಾರ್ಕಿಗೆ ಕಲಿಸ್ತಾರ. ಆದರ ನನಗ ಇದು ಛಂದಸ್ಸಿಗಿಂತ ದೊಡ್ಡ ವಿಷಯ. ಯಾಕಂದ್ರ ತ್ರಿಪದಿ ನಮ್ಮ ಅವ್ವಂದಿರ ಬೀಸುಕಲ್ಲಿನ ಹಾಡಿನ ಮಟ್ಟು. ಮೂರು ಸಾಲು, ಹಾಡುವಾಗ ಎರಡನೇ ಸಾಲನ್ನ ತಿರುಗಿ ಎತ್ತಿಕೊಳ್ತಾರ, ಆಗ ಅದು ಕಲ್ಲಿನ ಸುತ್ತಿಗೆ ಸರಿಯಾಗಿ ಕುಂದರತೈತಿ. ಒಬ್ಬಾಕಿ ಎತ್ತಿದರ ಎದುರಿಗೆ ಗೂಟ ಹಿಡಿದಾಕಿ ಮುಂದುವರಿಸ್ತಾಳ. ಉಸಿರು ಎಲ್ಲಿ ತಗೋಬೇಕು, ಕೈ ಎಲ್ಲಿ ಬದಲಿಸಬೇಕು, ಜೋಳ ಯಾವಾಗ ಹಾಕಬೇಕು, ಎಲ್ಲಾ ಆ ಮೂರು ಸಾಲಿನೊಳಗ ಐತಿ.

ನಮ್ಮ ಕೇರಿಯ ಹೆಂಗಸರು ಬೀಸಿದ್ದು ಕಣದಾಗ ಆಯ ಅಂತ ಸಿಕ್ಕ ಜೋಳ. ಊರೊಳಗಿನ ಮನೆಯ ಹಿಟ್ಟು ಇವರು ಮುಟ್ಟಂಗಿರಲಿಲ್ಲ. ಆದರೂ ಹಾಡಿನ ಮಟ್ಟು ಊರಿಗೂ ಕೇರಿಗೂ ಒಂದೇ. ಅಕ್ಷರದ ಮ್ಯಾಲ ಮಡಿ ಹಾಕಿದ್ದರು, ಮಟ್ಟಿನ ಮ್ಯಾಲ ಹಾಕಲಿಕ್ಕೆ ಆಗಲಿಲ್ಲ. ಅಣ್ಣ, ತವರು, ಬರ, ಸತ್ತ ಕೂಸು, ಗೌಡನ ಕಾಟ, ಎಲ್ಲಾ ಅದರೊಳಗ ಬಂತು. ಹಾಡಿದಾಕಿಯ ಹೆಸರೊಂದು ಬರಲಿಲ್ಲ. ಆಮ್ಯಾಲ ಹಿಟ್ಟಿನ ಗಿರಣಿ ಬಂತು. ಕೈಗೆ ಆರಾಮ ಸಿಕ್ತು, ಅದಕ್ಕ ನಾನು ಅಳೋನಲ್ಲ. ಬೀಸೋದು ಎಂಥಾ ದುಡಿಮೆ ಅಂತ ಬೀಸಿದವರಿಗೆ ಗೊತ್ತು. ಆದರ ಹಾಡಿಗೆ ಇದ್ದ ಒಂದೇ ಒಂದು ಜಾಗ ಹೋತು.

ಹಲಸಂಗಿಯ ಗೆಳೆಯರು ಈ ಹಾಡುಗಳನ್ನ ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಅಂತ ಅಚ್ಚು ಹಾಕಿಸಿದರು. ಬಿಜಾಪುರ ಸೀಮೆಯ ಹಳ್ಳಿಯಲ್ಲಿ ಕುಂತು ಅವರು ಮಾಡಿದ ಕೆಲಸಕ್ಕೆ ಕೈಮುಗಿಬೇಕು, ಮುಗಿದೇ ಹೇಳ್ತೀನಿ. ಆದರ ಹೆಸರು ನೋಡ್ರಿ: ಗರತಿ. ದೇವರ ಹೆಸರಿನ್ಯಾಗ ಮುತ್ತು ಕಟ್ಟಿಸಿಕೊಂಡು ಗರತಿ ಅನ್ನಿಸಿಕೊಳ್ಳೋ ಹಕ್ಕೇ ಕಳಕೊಂಡ ಹೆಂಗಸರು ನಮ್ಮ ಕೇರಿಗಳಲ್ಲಿ ಎಷ್ಟು ಮಂದಿ ಇದ್ದರು! ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಕರ್ನಾಟಕಕ್ಕೆ ಬಂದಿದ್ದು 1982ರಲ್ಲಿ. ಅವರೂ ಬೀಸಿದರು, ಅವರೂ ಹಾಡಿದರು. ಅವರ ಹಾಡನ್ನ ಯಾವ ಹೆಸರಿನ ಪುಸ್ತಕದಾಗ ಇಡೋದು?

ಹೆಸರು ಹಾಕೋ ಧೈರ್ಯ ನಮ್ಮವರಿಗೆ ಮೊದಲು ಬಂದಿದ್ದು ಹನ್ನೆರಡನೇ ಶತಮಾನದಾಗ. ಬಸವಣ್ಣ ಬೆಳೆದು ಕಲಿತ ಕೂಡಲಸಂಗಮ ನಮ್ಮ ಹುನಗುಂದ ತಾಲ್ಲೂಕಿನದೇ. ಬಸವಣ್ಣನ ವಚನ ಎಲ್ಲರಿಗೂ ಗೊತ್ತು. ನಾನು ಹೇಳೋದು ಮಾದಾರ ಚೆನ್ನಯ್ಯನ ಅಂಕಿತದ ಬಗ್ಗೆ. ಉಳಿದವರ ಅಂಕಿತದಾಗ ದೇವರ ಹೆಸರು. ಚೆನ್ನಯ್ಯನ ಅಂಕಿತದಾಗ ಕೈಯುಳಿ, ಕತ್ತಿ, ಅಡಿಗುಂಟ, ಅಂದ್ರ ಚಪ್ಪಲಿ ಹೊಲಿಯೋ ಸಾಮಾನು. ಸಹಿ ಹಾಕೋ ಜಾಗದೊಳಗ ತನ್ನ ಕಸುಬಿನ ಹತ್ಯಾರ ಇಟ್ಟ. ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯ ತಮ್ಮ ತಮ್ಮ ಅಂಕಿತ ಇಟ್ಟರು. ಉರಿಲಿಂಗಪೆದ್ದಿಯ ವಚನ ತೆಗೆದು ನೋಡ್ರಿ, ಸಂಸ್ಕೃತದ ಉಲ್ಲೇಖದ ಮ್ಯಾಲ ಉಲ್ಲೇಖ. ನಿಮ್ಮ ಶಾಸ್ತ್ರ ನನಗೂ ಬರತೈತಿ, ಅದರಿಂದಲೇ ನಿಮಗ ಉತ್ತರ ಕೊಡ್ತೀನಿ ಅನ್ನೋ ಹಟ ಅದು. ಅವನ ಹೆಂಡತಿ ಕಾಳವ್ವೆ ಬೇರೆಯಾಗೇ ಬರೆದಳು, ಬೇರೆಯಾಗೇ ಅಂಕಿತ ಇಟ್ಟಳು. ಈ ಹೆಸರುಗಳು ಓಲೆಗರಿಯಿಂದ ಅಚ್ಚಿಗೆ ಬರಲಿಕ್ಕೆ ಏಳುನೂರು ವರ್ಷ ಹಿಡೀತು. ಬಿಜಾಪುರದ ಫ.ಗು. ಹಳಕಟ್ಟಿಯವರು 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದ್ದು 1923ರಲ್ಲಿ.

ಆ ಏಳುನೂರು ವರ್ಷ ಏನಾಗಿತ್ತು ಅಂದ್ರ, ಬಾಗಿಲು ಮತ್ತ ಮುಚ್ಚಿತ್ತು. ಎಷ್ಟು ಗಟ್ಟಿಯಾಗಿ ಅಂತ ತಿಳಿಯಬೇಕಂದ್ರ ಪಕ್ಕದ ಧಾರವಾಡದ ಒಂದು ಪ್ರಕರಣ ಸಾಕು. 1856ರ ಜೂನ್ ತಿಂಗಳಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ತನ್ನನ್ನ ಸೇರಿಸಿಕೊಳ್ಳವಲ್ಲರು ಅಂತ ಮುಂಬೈ ಸರ್ಕಾರಕ್ಕೆ ಅರ್ಜಿ ಹಾಕಿದ. ಒಬ್ಬನ ಸಲುವಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರು ಅನ್ನೋ ಅರ್ಥದ ಉತ್ತರ ಬಂತು. ಅಂಬೇಡ್ಕರರು 1928ರಲ್ಲಿ ಸೈಮನ್ ಆಯೋಗದ ಮುಂದೆ ಇಟ್ಟ ಶಿಕ್ಷಣದ ಹೇಳಿಕೆಯಲ್ಲಿ ಈ ಪ್ರಕರಣವನ್ನ ಎತ್ತಿ ಹೇಳ್ಯಾರ. ಬಾಗಲಕೋಟೆ, ಬಾದಾಮಿ, ಹುನಗುಂದ 1956ರ ತನಕ ಇದೇ ಮುಂಬೈ ಆಡಳಿತದೊಳಗಿದ್ದವು. ನನಗ ಆ ಹುಡುಗನ ಅರ್ಜಿ ಅಂದ್ರ ಬಾಳ ಗೌರವ. ನಮ್ಮವರ ಆಧುನಿಕ ಗದ್ಯ ಸುರುವಾಗಿದ್ದು ಕಾದಂಬರಿಯಿಂದ ಅಂತ ನಾನು ನಂಬೋದಿಲ್ಲ, ಅರ್ಜಿಯಿಂದ.

ಶಾಲೆ ಮುಚ್ಚಿದ್ದಾಗ ಅರ್ಧ ತೆರೆದ ಬಾಗಿಲು ಯಾವುದು? ನಾಟಕ.

ಹುನಗುಂದ ತಾಲ್ಲೂಕು ರಂಗಭೂಮಿಗೆ ಇಬ್ಬರು ದೊಡ್ಡವರನ್ನ ಕೊಟ್ಟೈತಿ. ಕಂದಗಲ್ಲ ಹಣಮಂತರಾಯರು (1896-1966), 'ರಕ್ತರಾತ್ರಿ' ಬರೆದವರು. ಸೂಳೇಬಾವಿಯ ಪಿ.ಬಿ. ಧುತ್ತರಗಿಯವರು, ಅವರ 'ಸಂಪತ್ತಿಗೆ ಸವಾಲ್' 1974ರಲ್ಲಿ ರಾಜಕುಮಾರರ ಸಿನಿಮಾ ಆತು. ಎಮ್ಮೆ ಮ್ಯಾಲ ಕುಂತು ಹಾಡೋ ಆ ಹಾಡು ಇವತ್ತಿಗೂ ಮದುವಿ ಬ್ಯಾಂಡಿನವರು ಬಾರಸ್ತಾರ. ಅದರ ಹಿಂದೆ ಹುನಗುಂದ ಸೀಮೆಯ ಒಂದು ನಾಟಕ ಐತಿ ಅಂತ ಎಷ್ಟು ಮಂದಿಗೆ ಗೊತ್ತು? ಬನದ ಹುಣ್ಣಿಮೆ ಬಂದರ ಬಾದಾಮಿ ಬನಶಂಕರಿ ಜಾತ್ರ್ಯಾಗ ನಾಟಕ ಕಂಪನಿಗಳ ಡೇರೆ ಸಾಲಾಗಿ ಏಳ್ತಾವ. ಟಿಕೀಟು ತಗೊಂಡವನು ಯಾವ ಜಾತಿ ಅಂತ ಡೇರೆಯ ಗೇಟಿನವ ಕೇಳತಿರಲಿಲ್ಲ, ರೊಕ್ಕ ನೋಡತಿದ್ದ. ನಮ್ಮ ಅಪ್ಪಂದಿರು ಮೊದಲ ಸಲ ಊರವರ ಸಾಲಿನಾಗ ಕುರ್ಚಿ ಮ್ಯಾಲ ಕುಂತಿದ್ದು ಅಲ್ಲಿ. ಊರ ನಾಟಕದ ಮಾತು ಬ್ಯಾರೆ. ಅಲ್ಲಿ ಪಾತ್ರ ಹಂಚೋದು ರೊಕ್ಕ, ಜಾತಿ ಎರಡೂ ನೋಡಿ. ನಮ್ಮವರಿಗೆ ಪೆಟ್ರೋಮ್ಯಾಕ್ಸ್ ಹೊರೋ ಪಾತ್ರ.

ಅದಕ್ಕ ಕೇರಿಯವರು ತಮ್ಮದೇ ನಾಟಕ ಕಟ್ಟಿದರು. ನಮ್ಮ ಕೇರಿಯೊಳಗ ಓದಲಿಕ್ಕೆ ಬರೋನು ಒಬ್ಬ, ಪಾತ್ರಧಾರಿಗಳು ಹದಿನೈದು. ಅವನು ದಿನಾ ರಾತ್ರಿ ಲಾಟೀನ ಮುಂದ ಕುಂತು ಓದತಿದ್ದ, ಇವರು ಕಿವಿಯಿಂದ ಕಲೀತಿದ್ದರು. 'ರಕ್ತರಾತ್ರಿ'ಯ ಶಕುನಿಯ ಮಾತು ಉಸಿರು ಬಿಡದಂಗ ಹೇಳೋ ಒಬ್ಬ ಹಿರಿಯರಿದ್ದರು, ಹೆಬ್ಬಟ್ಟು ಒತ್ತೋರು. ಕಾಗದ ತಲೆಕೆಳಗ ಕೊಟ್ಟರೂ ಅವರಿಗೆ ಗೊತ್ತಾಗತಿರಲಿಲ್ಲ, ಆದರ ಒಂದು ಶಬ್ದ ತಪ್ಪಿ ಓದಿದರ ಓದೋ ಹುಡುಗನ್ನ ತಡೀತಿದ್ದರು. ಎರಡು ವರ್ಷ ಕಳೆಯೋದರೊಳಗ ಅವರೇ ಮಾತು ಕೂಡಿಸಲಿಕ್ಕೆ ಹತ್ತಿದರು. ದುರ್ಯೋಧನನ ಸಭಾದೊಳಗ ಊರ ಗೌಡನ ನುಡಿಗಟ್ಟು ಬರತಿತ್ತು, ಕೇರಿ ನಗತಿತ್ತು, ಗೌಡನಿಗೆ ಪುರಾವೆ ಸಿಗತಿರಲಿಲ್ಲ. ಅವರನ್ನ ನಾಟಕಕಾರ ಅಂತ ಯಾವ ಕೋಶದಾಗೂ ಬರೆದಿಲ್ಲ.

ಆಮ್ಯಾಲಿನದು ನಿಮಗ ಗೊತ್ತಿದ್ದ ಚರಿತ್ರೆ. 1973ರ ನವೆಂಬರಿನಲ್ಲಿ ಮೈಸೂರಿನಾಗ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು, ಗಲಾಟೆ ಎದ್ದಿತು, ಅವರ ಮಂತ್ರಿಗಿರಿ ಹೋತು. ದಲಿತ ಸಂಘರ್ಷ ಸಮಿತಿ ಹುಟ್ಟಿತು, 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಆತು. ಆ ಹಾಡುಗಳು ನಮ್ಮ ಕಡೆ ಪುಸ್ತಕಕ್ಕಿಂತ ಮೊದಲು ಬಾಯಿಂದ ಬಂದವು, ಎಸ್ಟಿ ಬಸ್ಸಿನ್ಯಾಗ, ಹಾಸ್ಟೆಲಿನ್ಯಾಗ. ಸತ್ತ ದನ, ಸತ್ತ ಗೌಡ ಅಂತ ಬಾರಿಸತಿದ್ದ ಹಲಗಿ ಬಿಡಬೇಕೋ, ಮೆರವಣಿಗೆಯೊಳಗ ಬಾರಿಸಬೇಕೋ ಅನ್ನೋ ಜಗಳ ನಮ್ಮೊಳಗ ಬಾಳ ವರ್ಷ ನಡೀತು. ಇನ್ನೂ ಮುಗಿದಿಲ್ಲ. ನಾನು ಬಾರಿಸೋರ ಕಡೆ.

ನಾನು ಬರೆದದ್ದರ ಕ್ರಮ ಹೇಳ್ತೀನಿ, ಇದು ನನ್ನೊಬ್ಬನದಲ್ಲ, ನಮ್ಮ ತಲೆಮಾರಿನ ಬಾಳ ಮಂದಿಯದು. ಮೊದಲು ಅರ್ಜಿ. ಕೇರಿಯವರ ರೇಷನ್ ಕಾರ್ಡು, ವಿಧವಾ ವೇತನ, 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಪರಭಾರೆಯಾದ ಜಮೀನು ವಾಪಸು ಕೊಡಿಸ್ರಿ ಅಂತ. ಅರ್ಜಿಯೊಳಗ ಒಂದು ಮಾತು ಹೆಚ್ಚಾದರ ಓದಾಂಗಿಲ್ಲ, ಕಡಿಮಿ ಆದರ ತಿರಸ್ಕಾರ. ಇಷ್ಟು ಕಟ್ಟುನಿಟ್ಟಿನ ವಿಮರ್ಶಕರು ನನಗ ಮುಂದ ಸಿಗಲಿಲ್ಲ. ಆಮ್ಯಾಲ ಗೋಡೆ ಬರಹ. ಕೆಮ್ಮಣ್ಣು ಕಲಸಿ, ರಾತ್ರಿ. ಗೋಡೆ ಸಣ್ಣದು, ಊರು ಏಳೋದರೊಳಗ ಮುಗೀಬೇಕು, ಹಿಂಗಾಗಿ ಐದಾರು ಶಬ್ದದಾಗ ಹೇಳೋದು ಕಲಿತೆ. ಆಮ್ಯಾಲ ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಲ್ಲಿ ಕಲ್ಲು ಒಡೆಯೋರ ನಡುವೆ ಹೋದಾಗ ಕರಪತ್ರ ಉಪಯೋಗಕ್ಕೆ ಬರಲಿಲ್ಲ, ಓದೋರು ಇಲ್ಲ. ಹಾಡು ಕಟ್ಟಿದೆ, ಅವ್ವನ ತ್ರಿಪದಿಯ ಮಟ್ಟಿನ ಮ್ಯಾಲ. ಹಾಡಿನ್ಯಾಗ ಲೆಕ್ಕಪತ್ರ ಹಿಡಿಯಲಿಲ್ಲ, ಮುಕಾದಮ ಎಷ್ಟು ತಿಂದ ಅನ್ನೋದನ್ನ ತೋರಿಸಲಿಕ್ಕೆ ಇಪ್ಪತ್ತು ಮಿನಿಟಿನ ಬೀದಿನಾಟಕ ಬರೆದೆ. ಪದ್ಯ ಬಂದಿದ್ದು ಎಲ್ಲಕ್ಕಿಂತ ಕೊನೆಗೆ, ಕೇಳೋರು ಯಾರೂ ಇಲ್ಲದ ರಾತ್ರಿ.

ಇಳಕಲ್ ಸೀರಿ ನೇಯೋರನ್ನ ಕೇಳ್ರಿ, ಮೈಯ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನೂ ಒಂದೊಂದೇ ಎಳೆ ಕೊಂಡಿ ಹಾಕಿ ಕೂಡಿಸ್ತಾರ. ನಮ್ಮ ಹಾಡು-ಅರ್ಜಿ-ನಾಟಕದ ನಂಟು ಹಂಗ.

ಒಂದು ಸಿಟ್ಟು ಹೇಳಲೇಬೇಕು. ಬಾಳ ವರ್ಷದ ಹಿಂದೆ ಒಂದು ಪತ್ರಿಕೆ ನನ್ನ ಹಾಡೊಂದನ್ನ "ಉತ್ತರ ಕರ್ನಾಟಕದ ಜಾನಪದ ಗೀತೆ, ಸಂಗ್ರಹ" ಅಂತ ಅಚ್ಚು ಹಾಕಿತು. ಕೇಳಿದಾಗ, "ಇದು ನೋಡಿದರೆ ಜನಪದದ ಹಂಗೇ ಐತಲ್ಲ" ಅಂದರು. ಅವರ ಪ್ರಕಾರ ಅದು ಹೊಗಳಿಕೆ. ನಮ್ಮವರು ಚೊಲೊ ಕಟ್ಟಿದರ ಅದು ಜಾನಪದ, ಊರಿನವರು ಕಟ್ಟಿದರ ಕಾವ್ಯ.

ಇನ್ನೊಂದು ಬೇಲಿ ಐತಿ, ಅದು ನಮ್ಮ ಸ್ನೇಹಿತರೇ ಹಾಕಿದ್ದು. ದಲಿತ ಬರೆದರ ಸಿಟ್ಟೇ ಬರೀಬೇಕು, ಗಾಯವನ್ನೇ ತೋರಿಸಬೇಕು ಅಂತ. ಇದಕ್ಕ ಉತ್ತರ ನಮ್ಮ ಬಾಗಲಕೋಟೆ ಸೀಮೆಯ ಸತ್ಯಾನಂದ ಪಾತ್ರೋಟರಲ್ಲಿ ಐತಿ. ಬಂಡಾಯದ ಕವಿ, ನಾಟಕವನ್ನೂ ಬರೆದವರು. ಪುಸ್ತಕಗಳ ಹೆಸರು ನೋಡ್ರಿ: ಒಂದು 'ಕರಿ ನೆಲದ ಕಲೆಗಳು', ಇನ್ನೊಂದು 'ಜಾಜಿ ಮಲ್ಲಿಗೆ'. ಮಲ್ಲಿಗೆ ಹಂಬು ಊರೊಳಗಿನ ಅಂಗಳಕ್ಕಷ್ಟ ಹಬ್ಬಬೇಕು ಅಂತ ಕಾನೂನು ಐತೇನು? ಹೊಳೆಯಾಚೆ ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರು ಕವಿತೆ, ಕಾದಂಬರಿ, ನಾಟಕ, ಜಾನಪದ ಸಂಶೋಧನೆ ಎಲ್ಲಾ ಮಾಡಿದರು. ಆದರ ಹೊರಗಿನವರು ಹೆಸರು ಹೇಳಿದ ಕೂಡಲೇ ಎತ್ತೋದು 1994ರ 'ಗೌರ್ಮೆಂಟ್ ಬ್ರಾಹ್ಮಣ' ಆತ್ಮಕಥನ ಒಂದನ್ನೇ. ದೊಡ್ಡ ಪುಸ್ತಕ ಅದು, ಎರಡು ಮಾತಿಲ್ಲ. ಆದರ ಒಬ್ಬ ಲೇಖಕನ ಹತ್ತು ಕೆಲಸದೊಳಗ ಅವನ ನೋವಿನ ಪುಸ್ತಕವನ್ನಷ್ಟೇ ಆರಿಸಿಕೊಳ್ಳೋ ಓದುಗರನ್ನ ನಾನು ಸ್ವಲ್ಪ ಸಂಶಯದಿಂದ ನೋಡ್ತೀನಿ.

ಈಗ ನಾವು ನಾಲ್ಕೈದು ಮಂದಿ ಹುನಗುಂದ, ಬಾದಾಮಿ ಕಡೆಯ ಕೇರಿಗಳಲ್ಲಿ, ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರಲ್ಲಿ, ಹಳೇ ಹೆಂಗಸರ ಹಾಡು ಮೊಬೈಲಿನ್ಯಾಗ ರೆಕಾರ್ಡ್ ಮಾಡ್ತಿದ್ದೀವಿ. ಬೀಸುಕಲ್ಲು ಇಲ್ಲದ ಅವರಿಗೆ ಹಾಡು ನೆನಪಾಗವಲ್ಲದು. ಅದಕ್ಕ ಒಂದು ಮನಿಯ ಹಿತ್ತಲದಾಗ ಬಿದ್ದಿದ್ದ ಕಲ್ಲು ತೊಳೆದು, ಮುಷ್ಟಿ ಜೋಳ ಹಾಕಿ, ಗೂಟ ಕೈಗೆ ಕೊಡ್ತೀವಿ. ನಾಲ್ಕು ಸುತ್ತು ತಿರುಗಿಸೋದರೊಳಗ ಬಾಯಿ ಬಿಡ್ತಾರ. ಸುರು ಮಾಡೋಕಿಂತ ಮೊದಲು "ಅವ್ವಾ, ನಿನ್ನ ಪೂರಾ ಹೆಸರು ಹೇಳು" ಅಂತ ಕೇಳಿ ಅದನ್ನೂ ರೆಕಾರ್ಡ್ ಮಾಡ್ತೀವಿ. ಬಾಳ ಮಂದಿ ಗಂಡನ ಹೆಸರು, ಮಗನ ಹೆಸರು ಹೇಳ್ತಾರ. "ಅಲ್ಲಬೇ, ನಿನ್ನ ಹೆಸರು" ಅಂತ ಇನ್ನೊಮ್ಮೆ ಕೇಳಬೇಕಾಗತೈತಿ.