ಪಾತ್ರಾಭಿನಯ ಕಾರ್ಯಾಗಾರ (ಆಸ್ಪತ್ರೆ ಸಿಬ್ಬಂದಿಯ ತರಬೇತಿ)

ಹೊಸ ಯಂತ್ರ, ಹೊಸ ಪದ್ಧತಿ, ಬದಲಾದ ಹೊಣೆಗಳಿಗೆ ವೈದ್ಯರು, ದಾದಿಯರು ಮತ್ತಿತರ ಸಿಬ್ಬಂದಿಯನ್ನು ಅಭಿನಯದ ಮೂಲಕ ಸಜ್ಜುಗೊಳಿಸುವ ಕ್ರಮ. ಮನೋವೈದ್ಯ ಜೇಕಬ್ ಮೊರೆನೊ ರೂಪಿಸಿದ ಸೈಕೋಡ್ರಾಮಾ ಇದರ ಒಂದು ಮೂಲ. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ (1931–2009) ಕಟ್ಟಿದ ‘ದಮನಿತರ ರಂಗಭೂಮಿ’ ಇನ್ನೊಂದು. ಬೋಲ್ ಅವರ ಫೋರಂ ಥಿಯೇಟರ್‌ನಲ್ಲಿ ಬಿಕ್ಕಟ್ಟಿಗೆ ಬಂದು ನಿಂತ ಪುಟ್ಟ ದೃಶ್ಯವನ್ನು ಮತ್ತೊಮ್ಮೆ ಆಡುತ್ತಾರೆ. ನೋಡುತ್ತ ಕುಳಿತವರು ‘ನಿಲ್ಲಿಸಿ’ ಎಂದು ಎದ್ದು ಬಂದು, ತಾವೇ ಪಾತ್ರ ವಹಿಸಿ ಬೇರೆ ದಾರಿ ತೋರಬಹುದು.

ಉದಾಹರಣೆಗೆ, ಕೇಸ್‌ಶೀಟ್ ಕಾಗದದಿಂದ ಕಂಪ್ಯೂಟರಿಗೆ ಬಂದಿದೆ. ಹಿರಿಯ ದಾದಿ ಕೀಬೋರ್ಡಿನಲ್ಲಿ ಅಕ್ಷರ ಹುಡುಕುವಾಗ ರೋಗಿಯ ಮಗ ರೇಗುತ್ತಾನೆ: “ಸಿಸ್ಟರ್, ಅದನ್ನ ಆಮೇಲೆ ನೋಡಿ, ಮೊದಲು ನಮ್ಮಮ್ಮನ್ನ ನೋಡಿ!” ಈ ಮಗನ ಪಾತ್ರವನ್ನು ಆಡಳಿತಾಧಿಕಾರಿಗೇ ಕೊಡುವುದು ಒಳ್ಳೆಯದು, ಸುತ್ತೋಲೆ ಹೊರಡಿಸುವವರಿಗೆ ವಾರ್ಡಿನ ಬಿಸಿ ತಟ್ಟುವುದು ಅಪರೂಪ.

ಬೆಂಗಳೂರಿನಲ್ಲಿ 2011ರಲ್ಲಿ ಆರಂಭವಾದ ಸೆಂಟರ್ ಫಾರ್ ಕಮ್ಯುನಿಟಿ ಡೈಲಾಗ್ ಅಂಡ್ ಚೇಂಜ್ ಬೋಲ್ ಪದ್ಧತಿಯನ್ನು ವೈದ್ಯಕೀಯ ಶಿಕ್ಷಣಕ್ಕೂ ಒಯ್ದಿದೆ. 2019ರ ಎಂಬಿಬಿಎಸ್ ತಂಡದಿಂದ ಮನೋಭಾವ, ನೀತಿ, ಸಂವಹನ ಕಲಿಸುವ ‘ಏಟ್‌ಕಾಮ್’ ಪಠ್ಯ ದೇಶದ ಎಲ್ಲ ವೈದ್ಯಕೀಯ ಕಾಲೇಜುಗಳಲ್ಲಿ ಜಾರಿಗೆ ಬಂತು. ಪಾತ್ರಾಭಿನಯ ಅದರ ಬೋಧನಾ ವಿಧಾನಗಳಲ್ಲೊಂದು. ಆಟ ಮುಗಿದ ಮೇಲಿನ ಚರ್ಚೆಯೇ ಇಲ್ಲಿ ನಿಜವಾದ ಪಾಠ. ಅದಕ್ಕೆ ಸಮಯ ಕೊಡದಿದ್ದರೆ ಉಳಿಯುವುದು ಬರೀ ನಗು. ಸಿಬ್ಬಂದಿಯ ಕೊರತೆಯಿಂದ ಹುಟ್ಟಿದ ತೊಂದರೆಗೆ ಮಾತ್ರ ಇದು ಮದ್ದಲ್ಲ.